ಸೀಸೆಯಲ್ಲಿ ಉಳಿದದ್ದು

ಸತ್ತ ಹಂದಿಯ ತಲೆಬುರುಡೆ ಬಿಚ್ಚಿ, ಒಳಗಿನ ಮೆದುಳಿಗೆ ಒಂದು ಗೀರೂ ಬೀಳದಂತೆ ಹೊರಗೆ ತೆಗೆಯಬಲ್ಲ ಮನುಷ್ಯ ಜತ್ತ ತಾಲೂಕಿನ ಆ ಭಾಗದಲ್ಲೆಲ್ಲ ಒಬ್ಬನೇ ಇದ್ದ. ಅವನು ಡಾಕ್ಟರನಲ್ಲ. ಉಟಗಿಯ ಪಂಡಿತ ಕಾಂಬಳೆ, ಸರಕಾರಿ ದನದ ದವಾಖಾನೆಯ ಡ್ರೆಸ್ಸರ್, ಊರವರ ಬಾಯಲ್ಲಿ ಕಂಪೌಂಡರ್. ಗಾಯ ತೊಳೆಯುವವನು, ಪಟ್ಟಿ ಕಟ್ಟುವವನು, ಡಾಕ್ಟರು ಸೂಜಿ ಹಾಕುವಾಗ ಎತ್ತಿನ ಮೂಗುದಾಣ ಹಿಡಿಯುವವನು, ಡಾಕ್ಟರು ಇಲ್ಲದ ದಿನ ತಾನೇ ಸೂಜಿ ಹಾಕುವವನು. ಡಾಕ್ಟರು ಇಲ್ಲದ ದಿನಗಳೇ ಹೆಚ್ಚು, ಏಕೆಂದರೆ ಅವರಿಗೆ ಎರಡು ದವಾಖಾನೆಗಳ ಹೊರೆ. ಇದು ಯಾವ ಊರಿನ ದವಾಖಾನೆ ಎಂದು ನಾನು ಹೇಳುವುದಿಲ್ಲ. ಈಗ ಅಲ್ಲಿರುವವರು ಒಳ್ಳೆಯ ಮಂದಿ, ಅವರ ಹೆಸರೇಕೆ ಕೆಡಬೇಕು. ಉಟಗಿಯಿಂದ ಎಸ್‌ಟಿ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ ಎಂದರೆ ಸಾಕು.

ಹಂದಿಯ ತಲೆಯ ಎಲುಬು ಮೋಸದ ಎಲುಬು. ಮೇಲಿನ ಪದರ ಕೊಯ್ದರೆ ಕೆಳಗೆ ಪೊಳ್ಳು ಸಿಗುತ್ತದೆ, ಹೊಸಬ ಅದನ್ನೇ ಮೆದುಳಿನ ಗೂಡು ಎಂದು ತಿಳಿದು ಕೈ ಹಾಕಿ ಪೆಚ್ಚಾಗುತ್ತಾನೆ. ಅದರ ಕೆಳಗೆ ಇನ್ನೊಂದು ಪದರ ಇದೆ. ಕರಗಸ ಅದನ್ನು ದಾಟಿದ ಗಳಿಗೆ ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯಬೇಕು. ಪಂಡಿತನ ಕೈಗೆ ತಿಳಿಯುತ್ತಿತ್ತು. ಮೂವತ್ತೆರಡು ವರ್ಷ ಕುಕ್ಕರಗಾಲಿನಲ್ಲಿ ಕೂತು ಕಲಿತ ವಿದ್ಯೆ ಅದು. ಆ ವಿದ್ಯೆಯ ಜೊತೆಗೆ ಮೊಣಕಾಲು ನೋವೂ ಬಂತು, ಸರಕಾರ ಎರಡಕ್ಕೂ ಸರ್ಟಿಫಿಕೇಟು ಕೊಡಲಿಲ್ಲ.

ಇದರಲ್ಲಿ ಒಂದು ಕಹಿ ಇದೆ, ಅದನ್ನು ಮುಚ್ಚಿಟ್ಟರೆ ಪಂಡಿತನ ಕಥೆ ಹೇಳಿದಂತಾಗುವುದಿಲ್ಲ. ಅವನ ಅಜ್ಜನ ಕಾಲದಲ್ಲಿ ಊರಿನಲ್ಲಿ ದನ ಸತ್ತರೆ ಎಳೆದು ಹಾಕುವ ಕೆಲಸ ಇವರ ಕೇರಿಯದಾಗಿತ್ತು. ಕರೆದಾಗ ಹೋಗಬೇಕು, ಒಲ್ಲೆ ಎನ್ನುವ ಹಾಗಿಲ್ಲ. ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಇಡೀ ಕೇರಿ ಕೂಡಿ, ಇನ್ನು ಮುಂದೆ ಯಾರೂ ಹೆಣ ಮುಟ್ಟುವುದಿಲ್ಲ ಎಂದು ಮಾತು ಕಟ್ಟಿತು. ಊರಿನವರು ಅಂಗಡಿ ಬಂದ್ ಮಾಡಿದರು, ಬಾವಿ ಬಂದ್ ಮಾಡಿದರು. ಒಂದು ಸತ್ತ ಎಮ್ಮೆ ಮೂರು ದಿನ ಊರಬಾಗಿಲಲ್ಲಿ ನಾರುತ್ತ ಬಿತ್ತು. ಕೇರಿಯವರು ಮಾತು ಮುರಿಯಲಿಲ್ಲ. ಆಗ ಹುಡುಗನಾಗಿದ್ದ ಪಂಡಿತನ ಅಪ್ಪ ಯಶವಂತ ಮುಂದೆ ರಸ್ತೆಯ ಕೆಲಸದಲ್ಲಿ ಡಾಂಬರು ಹೊತ್ತು ಮಗನನ್ನು ಹತ್ತನೆಯ ತರಗತಿ ಓದಿಸಿದ. ಮಗನಿಗೆ ಸರಕಾರಿ ನೌಕರಿ ಸಿಕ್ಕಾಗ ಕೇರಿಗೆಲ್ಲ ಪೇಢೆ ಹಂಚಿದ. ಆ ಮಗ ದವಾಖಾನೆಗೆ ಹೋಗಿ ಮಾಡುತ್ತಿದ್ದುದೇನು? ಸತ್ತ ದನದ ಹೊಟ್ಟೆ ಸೀಳುವುದು.

ಪಂಡಿತ ಅಪ್ಪನಿಗೆ ಹೇಳಿರಲಿಲ್ಲ. ಒಂದು ದಿನ ಅಪ್ಪನೇ ರೊಟ್ಟಿಗಂಟು ಹಿಡಿದು ದವಾಖಾನೆಗೆ ಬಂದವನು, ಮಗ ಮೊಣಕೈಯವರೆಗೆ ಎಮ್ಮೆಯ ಹೊಟ್ಟೆಯೊಳಗೆ ಇಳಿದಿದ್ದನ್ನು ನೋಡಿ ಗಂಟನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದ. ಸಂಜೆ ಮನೆಯಲ್ಲಿ ಪಂಡಿತ ತಲೆ ಎತ್ತಲಿಲ್ಲ. ಅಪ್ಪನೇ ಬಾಯಿ ತೆರೆದ. "ನಿಮ್ಮ ಅಜ್ಜ ಎಳ್ಯಾವಗ ಪಗಾರನೂ ಇರಲಿಲ್ಲ, ರಜಾನೂ ಇರಲಿಲ್ಲ. ನಿನಗ ಎರಡೂ ಅದಾವ. ಹೋಗು, ಕೈ ತೊಳ್ಕೊಂಡ ಉಣ್ಣು," ಎಂದ. ಆ ವಿಷಯ ಮತ್ತೆ ಆ ಮನೆಯಲ್ಲಿ ಬರಲಿಲ್ಲ. ಹಿತ್ತಲಲ್ಲಿ ಒಂದು ಬೇರೆ ಬಕೆಟ್ಟು, ಒಂದು ಬೇರೆ ಸಾಬೂನು ಬಂದವು. ಮದುವೆಯಾಗಿ ಬಂದ ಛಾಯಾ ಮೊದಲ ದಿನವೇ ಕೇಳದೆ ಅರ್ಥ ಮಾಡಿಕೊಂಡಳು.

ಇನ್ನು ಹಂದಿಗಳ ವಿಷಯ. ನಮ್ಮ ಕಡೆ ಹಂದಿ ಎಂದರೆ ಮಂದಿ ಮೂಗು ಮುಚ್ಚುತ್ತಾರೆ, ಆದರೆ ಓಣಿಯ ಗಟಾರ ಸ್ವಚ್ಛ ಮಾಡುವುದು ಅದೊಂದೇ. ದವಾಖಾನೆಯ ಹಿಂದೆ, ಜಾಲಿ ಕಂಟಿಗಳ ಅಂಚಿಗೆ, ವಡ್ಡರ ತುಳಸವ್ವನ ಮನೆ. ಅವರದು ಕಲ್ಲು ಒಡೆಯುವ ವಂಶ. ಊರಿನ ಅರ್ಧ ಬಾವಿಗಳಿಗೆ ಅವಳ ಮಾವನೇ ಕಲ್ಲು ಕಟ್ಟಿದ್ದ. ಕಲ್ಲಿನ ಕೆಲಸವನ್ನು ಯಂತ್ರಗಳು ಕಿತ್ತುಕೊಂಡವು, ಗಂಡನನ್ನು ಕೆಮ್ಮು ಕಿತ್ತುಕೊಂಡಿತು, ತುಳಸವ್ವನ ಪಾಲಿಗೆ ಹಂದಿಗಳು ಉಳಿದವು. ದೊಡ್ಡವು ಒಂಬತ್ತು, ಮರಿಗಳು ಬೇರೆ. ಬೆಳಿಗ್ಗೆ ಬಿಟ್ಟರೆ ಊರೆಲ್ಲ ಸುತ್ತಿ ಸಂಜೆ ತಾವೇ ಬರುತ್ತಿದ್ದವು. ಪಂಡಿತನಿಗೂ ಆ ಮನೆಗೂ ಹಳೆಯ ಬಳಕೆ. ಕಚೇರಿಯ ಮನುಷ್ಯನೆಂದು ಬಂದು ಅವಳ ಹೊರಸಿನ ಮೇಲೆ ಕೂತು ಅವಳ ಮನೆಯ ಚಹಾ ಕುಡಿದವನು ಅವನೊಬ್ಬನೇ. ಅವನಿಗೂ ಊರಿನಲ್ಲಿ ಹಾಗೆ ನಿರಾಳವಾಗಿ ಕೂತು ಚಹಾ ಕುಡಿಯುವ ಮನೆಗಳು ಬಹಳ ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಹಂದಿಗಳಿಗೆ ಹಂದಿಜ್ವರ ಎಂಬ ರೋಗವಿದೆ. ಮನುಷ್ಯರಿಗೆ ಬಂದು ಪೇಪರಿನಲ್ಲಿ ಸುದ್ದಿಯಾಗುತ್ತದಲ್ಲ, ಅದು ಬೇರೆ. ಇದು ಹಂದಿಗಳದೇ, ಒಂದು ವೈರಸ್ಸಿನಿಂದ ಬರುವಂಥದ್ದು. ಬಂದ ಮೇಲೆ ಔಷಧ ಇಲ್ಲ, ಬರುವ ಮೊದಲು ಸೂಜಿ ಇದೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಸೂಜಿ ಹಾಕಿದ ಪ್ರತಿ ಪ್ರಾಣಿಯ ಕಿವಿಯ ಬಿಲ್ಲೆಯ ನಂಬರು ರಿಜಿಸ್ಟರಿನಲ್ಲಿ ಬರೆಯಬೇಕು. ಓಣಿಯಲ್ಲಿ ತಿರುಗುವ ಹಂದಿಗೆ ಕಿವಿಬಿಲ್ಲೆ ಎಲ್ಲಿಯದು? ಬಿಲ್ಲೆ ಇಲ್ಲದ್ದಕ್ಕೆ ನಂಬರಿಲ್ಲ, ನಂಬರಿಲ್ಲದ್ದಕ್ಕೆ ಸೂಜಿ ಇಲ್ಲ. ಕಾಗದದಲ್ಲಿ ಹುಟ್ಟದ ಹಂದಿ ಸತ್ತರೂ ಕಾಗದದಲ್ಲಿ ಸಾಯುವುದಿಲ್ಲ. ಎಂಥ ಸುಖದ ರಾಜ್ಯ!

ಆ ವರ್ಷದ ಶ್ರಾವಣದಲ್ಲಿ ಒಂದು ದಿನ ಪಂಡಿತ ಊರಾಚೆಯ ಹಂದಿ ಫಾರ್ಮಿಗೆ ಸೂಜಿ ಹಾಕಲು ಹೋಗಿದ್ದ. ಡಾಕ್ಟರು ಇರಲಿಲ್ಲ. ಒಂದು ಸೀಸೆಯಲ್ಲಿ ಹತ್ತು ಹಂದಿಗಾಗುವಷ್ಟು ಔಷಧ. ಒಮ್ಮೆ ಪುಡಿಗೆ ನೀರು ಬೆರೆಸಿದರೆ ಎರಡು ತಾಸಿನಲ್ಲಿ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು ಎಂಬುದು ನಿಯಮ. ಫಾರ್ಮಿನ ಹಂದಿ ಮುಗಿದಾಗ ಕೊನೆಯ ಸೀಸೆಯಲ್ಲಿ ಏಳು ಸೂಜಿಯಷ್ಟು ಉಳಿದಿತ್ತು. ಪಂಡಿತನಿಗೆ ಮೊದಲಿನಿಂದ ಒಂದು ಚಟ. ಉಳಿದ ಔಷಧವನ್ನು ಚೆಲ್ಲಲು ಅವನಿಗೆ ಕೈ ಬರುತ್ತಿರಲಿಲ್ಲ. ಕುರಿಯ ಔಷಧ ಉಳಿದರೆ ದಾರಿಯಲ್ಲಿ ಸಿಕ್ಕ ಬಡವರ ಕುರಿಗೆ, ಕೋಳಿಯದು ಉಳಿದರೆ ಯಾರದೋ ಕೋಳಿಗೆ. ಬರೆಯುತ್ತಿರಲಿಲ್ಲ, ಹೇಳುತ್ತಲೂ ಇರಲಿಲ್ಲ. ಬರೆಯದ ಸೂಜಿ ಇಲಾಖೆಯ ಕಣ್ಣಿಗೆ ಕಳ್ಳಸೂಜಿ. ಅನ್ನ ಚೆಲ್ಲಿದರೆ ಪಾಪ ಎಂದು ಬೆಳೆದವನಿಗೆ ಔಷಧ ಚೆಲ್ಲುವುದು ಹೇಗೆ ಒಗ್ಗೀತು?

ಐಸ್ ಡಬ್ಬಿ ಹಿಡಿದು ತುಳಸವ್ವನ ಮನೆಯ ಮುಂದೆ ಬಂದ. ಹೊಸದಾಗಿ ಮರಿ ಹಾಕಿದ್ದ ದೊಡ್ಡ ಹೆಣ್ಣುಹಂದಿಯೊಂದು ಗೂಟಕ್ಕೆ ಕಟ್ಟಿತ್ತು. ಅದರ ಕಿವಿಯ ಹಿಂದೆ ಸೂಜಿ ಹಾಕಿದ. ಅದು ಕಿರುಚಿದ ಸದ್ದಿಗೆ ಮತ್ತು ಅವನ ಮೈಯ ಸ್ಪಿರಿಟ್ ವಾಸನೆಗೆ ಉಳಿದ ಹಂದಿಗಳು ಎದ್ದು ಜಾಲಿ ಕಂಟಿಯೊಳಗೆ ಓಡಿದವು. ಮನೆಯೊಳಗೆ ತುಳಸವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಹೊತ್ತು ನಾಲ್ಕೂವರೆ. ಐದರ ಬಸ್ಸು ತಪ್ಪಿದರೆ ಮುಂದಿನದು ಏಳಕ್ಕೆ. ಬೆಳಗಿನಿಂದ ಹಂದಿ ಹಿಡಿದು ಹಿಡಿದು ಮೊಣಕಾಲುಗಳು ಮಾತು ಕೇಳುತ್ತಿರಲಿಲ್ಲ. ಪಂಡಿತ ಎರಡು ಹೆಜ್ಜೆ ಕಂಟಿಯ ಕಡೆ ಇಟ್ಟ, ನಿಂತ, ಹಿಂದಿರುಗಿದ. ಉಳಿದ ಆರು ಸೂಜಿಯ ಔಷಧವನ್ನು ನಿಯಮದಂತೆ ಫಿನಾಯಿಲಿನ ಡಬ್ಬಿಗೆ ಬಗ್ಗಿಸಿ ಬಸ್‌ಸ್ಟ್ಯಾಂಡಿಗೆ ನಡೆದ. ಬಸ್ಸಿನಲ್ಲಿ ಕಿಟಕಿಯ ಬದಿಗೆ ಜಾಗ ಸಿಕ್ಕಿತು. ಉಟಗಿ ಬರುವವರೆಗೆ ನಿದ್ದೆ ಮಾಡಿದ.

ರೋಗ ಬಂದದ್ದು ಸಂಕ್ರಾಂತಿಯ ಸುಮಾರಿಗೆ. ಮೊದಲು ಒಂದು ಹಂದಿ ಮೇವು ಬಿಟ್ಟಿತು, ಆಮೇಲೆ ಎಲ್ಲವೂ ಒಂದರ ಮೇಲೊಂದು ಬಿದ್ದು ಚಳಿಗೆ ನಡುಗಿದಂತೆ ಮಲಗಿದವು. ಕಿವಿ, ಹೊಟ್ಟೆ ನೀಲಿಗಟ್ಟಿದವು. ಹಿಂಗಾಲು ಸೋತು ಕುಡಿದವರ ಹಾಗೆ ತೂರಾಡಿದವು. ಕೆಲವು ಒಂದೇ ಕಡೆಗೆ ಗಿರಗಿರನೆ ಸುತ್ತಿ ಬಿದ್ದು, ಬಿದ್ದಲ್ಲೇ ನಾಲ್ಕೂ ಕಾಲು ಬಡಿದವು. ತುಳಸವ್ವ ಓಡಿ ಬಂದಳು. ಪಂಡಿತ ಹೋಗಿ ನೋಡಿದ, ನೋಡಿದ ಕೂಡಲೇ ಅವನಿಗೆ ತಿಳಿಯಿತು.

"ಇದಕ್ಕ ಔಷಧ ಇಲ್ಲಕ್ಕ," ಎಂದ.

ಸುಳ್ಳಲ್ಲ. ಬಂದ ಮೇಲೆ ಔಷಧ ಇಲ್ಲವೇ ಇಲ್ಲ. ಆದರೆ ಅರ್ಧ ಸತ್ಯದಷ್ಟು ಅನುಕೂಲದ ವಸ್ತು ಬೇರೊಂದಿಲ್ಲ. ತುಳಸವ್ವ ಆ ಮಾತನ್ನು ಇಡಿಯಾಗಿ ನಂಬಿದಳು. ಕೇಳಿದವರಿಗೆಲ್ಲ, "ಹಣೇಬರಾ. ಔಷಧ ಇಲ್ಲದ ಬ್ಯಾನಿ ಅಂತ ಕಂಪೌಂಡರ್ರ ಹೇಳ್ಯಾರ," ಎನ್ನುತ್ತಿದ್ದಳು. ಹಾಗೆ ಹೇಳಿಕೊಳ್ಳುತ್ತ ಒಂದೊಂದನ್ನೇ ಗುಂಡಿಗೆ ಹಾಕಿದಳು. ಅಳಲಿಲ್ಲ.

ರೋಗದ ಸುದ್ದಿ ಮೇಲೆ ಹೋದಾಗ ಪಶುವೈದ್ಯ ಕಾಲೇಜಿನಿಂದ ಕಾಜಲ್ ಬಂದಳು. ಬಾಲಗಾಂವದ ಕುರಿಗಾರರ ಹಟ್ಟಿಯಲ್ಲಿ ಹುಟ್ಟಿ, ಈಗ ದೊಡ್ಡ ಪದವಿಗಾಗಿ ಸಂಶೋಧನೆ ಮಾಡುತ್ತಿದ್ದ ಹುಡುಗಿ. ರೋಗದ ವೈರಸ್ಸು ಹಂದಿಯ ಮೆದುಳನ್ನು ಹೊಕ್ಕಾಗ ಅಲ್ಲಿನ ಜೀನುಗಳ ಕೆಲಸ ಹೇಗೆ ಬದಲಾಗುತ್ತದೆ ಎಂಬುದು ಅವಳ ವಿಷಯ. ಅದಕ್ಕೆ ಮೆದುಳು ಬೇಕು, ಅದೂ ಪ್ರಾಣ ಹೋದ ಕೆಲವೇ ನಿಮಿಷಗಳಲ್ಲಿ. ಇನ್ನು ಉಳಿಯಲಾರದ ಹಂದಿಗೆ ಡಾಕ್ಟರು ನೋವಿಲ್ಲದ ಸೂಜಿ ಕೊಟ್ಟು ಮಲಗಿಸಬೇಕು, ಪಂಡಿತ ಬುರುಡೆ ತೆರೆಯಬೇಕು, ಕಾಜಲ್ ಅಕ್ಕಿಕಾಳಿನಷ್ಟು ತುಣುಕುಗಳನ್ನು ಕೊಯ್ದು ಬೆರಳುದ್ದದ ನಳಿಗೆಗಳಲ್ಲಿನ ದ್ರವಕ್ಕೆ ಹಾಕಬೇಕು. ನಿವೃತ್ತಿಗೆ ಎರಡು ತಿಂಗಳಿದ್ದ ಪಂಡಿತನಿಗೆ ಇದೆಲ್ಲ ಬೇಡವಾಗಿತ್ತು. ಆದರೆ ಕೈಯ ವಿದ್ಯೆ ಹೇಳಿದರೆ ಕೇಳುವುದಿಲ್ಲ, ಯಾರಾದರೂ ಒರಟಾಗಿ ಕರಗಸ ಎಳೆಯುವುದನ್ನು ನೋಡಿದರೆ ತಾನೇ ಮುಂದೆ ಹೋಗುತ್ತದೆ.

ಮೂರನೆಯ ತಲೆ ಮುಗಿಸಿ ಬೇವಿನ ಕೆಳಗೆ ಕೂತಾಗ ಪಂಡಿತ ಕೇಳಿದ. "ಅಲ್ರಿ ಮ್ಯಾಡಮ್, ಇಷ್ಟ ಲಗೂನ ಯಾಕ? ಮೆದುಳ ಎಲ್ಲಿ ಓಡಿ ಹೋಗ್ತೈತಿ?"

"ಮೆದುಳ ಓಡಂಗಿಲ್ಲ ಕಾಕಾ. ಅದರಾಗಿನ ಸುದ್ದಿ ಓಡ್ತೈತಿ," ಎಂದಳು ಕಾಜಲ್. "ಮೈಯಾಗಿನ ಎಲ್ಲಾ ಕಣದಾಗೂ ಜೀನ್ ಅವ ಇರ್ತಾವು. ಯಾವುದು ಎದ್ದು ಕೆಲಸ ಮಾಡಾಕತ್ತೈತಿ, ಯಾವುದು ಸುಮ್ಮ ಕುಂತೈತಿ, ಅದ ಬ್ಯಾರೆ. ಕೆಲಸ ಮಾಡೋ ಜೀನ್ ಚೀಟಿ ಕಳಿಸಿದಂಗ ಸುದ್ದಿ ಕಳಸ್ತಾವು. ಜೀವ ಹೋತಂದ್ರ ಆ ಚೀಟಿ ಹರದ ಹೋಗ್ತಾವು. ಹರಿಯೂದರಾಗ ನಾವು ಹಿಡೀಬೇಕು."

"ಹಿಡದ ಏನ ಓದಿದ್ರಿ?"

ಕಾಜಲ್ ಕೈಗವಸು ಕಳಚಿದಳು. ಅವಳಿಗೂ ದಣಿವಾಗಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು. "ನಮ್ಮ ಹಟ್ಟಿಗೆ ತೋಳ ಬಂದಾಗ ನೋಡೀರಲ್ಲ ಕಾಕಾ. ಎಲ್ಲಾರೂ ಬಡಿಗಿ ಹಿಡದ ನಿಂದರ್ತಾರ. ನಾಯಿ ಬೊಗಳ್ತಾವು, ಹೆಂಗಸರು ಬೊಬ್ಬಿ ಹೊಡೀತಾರ. ಮರಿಗೆ ಹಾಲು ಕುಡಿಸಾವ್ರಿಲ್ಲ, ಒಲಿ ಹಚ್ಚಾವ್ರಿಲ್ಲ. ತೋಳ ಒಯ್ಯೂದು ಒಂದ ಕುರಿ. ಆ ಗದ್ದಲದಾಗ ಮರಿ ಸಾಯೂವು ನಾಕು. ವೈರಸ್ ಹೊಕ್ಕ ಮೆದುಳೂ ಹಂಗ. ಬಡಿದಾಡೋ ಜೀನ್ ಎಲ್ಲಾ ಎದ್ದ ನಿಂತಿರ್ತಾವು. ಒಂದ ನರ ಇನ್ನೊಂದಕ್ಕ ಮಾತ ಮುಟ್ಟಸ್ತೈತಲ್ಲ, ಆ ದಿನನಿತ್ಯದ ಕೆಲಸದ ಜೀನ್ ಸುಮ್ಮ ಆಗಿರ್ತಾವು. ಹಂದಿ ತೂರಾಡೂದು, ಸುತ್ತೂದು, ಬರೇ ವೈರಸ್ಸಿಂದಲ್ಲ. ಅದರ ಸ್ವಂತ ಮೆದುಳಿನ ಗದ್ದಲಾನೂ ಅದರಾಗ ಸೇರೈತಿ."

ಪಂಡಿತನಿಗೆ ಅದು ಅರ್ಥವಾಯಿತು. ದವಾಖಾನೆಯಲ್ಲೂ ಹಾಗೆಯೇ. ಸಾಥ್, ಅಂದರೆ ಹರಡುವ ರೋಗ, ಬಂತು ಎಂದರೆ ಎಲ್ಲರೂ ಅದರ ಹಿಂದೆ, ಹೆರಿಗೆಗೆ ಸಿಕ್ಕಿಕೊಂಡ ಆಕಳನ್ನು ಕೇಳುವವರಿಲ್ಲ. ಅವನು ತಲೆಯಾಡಿಸಿ ಕರಗಸ ತೊಳೆಯಲು ಎದ್ದ.

ಒಂಬತ್ತರಲ್ಲಿ ಎಂಟು ಹೋದವು, ಮರಿಗಳೂ ಹೋದವು. ಉಳಿದದ್ದು ಒಂದು, ಶ್ರಾವಣದಲ್ಲಿ ಗೂಟಕ್ಕೆ ಕಟ್ಟಿದ್ದ ಅದೇ ಹೆಣ್ಣುಹಂದಿ. ಸತ್ತವುಗಳ ಜೊತೆಯೇ ತಿಂದಿತ್ತು, ಅವುಗಳ ಮೈಗೆ ಮೈ ಹಚ್ಚಿ ಮಲಗಿತ್ತು. ಅದಕ್ಕೆ ಒಂದು ಕೆಮ್ಮೂ ಬರಲಿಲ್ಲ. ಕಾಜಲ್‌ಳ ಕಣ್ಣು ಅದರ ಮೇಲೆ ಬಿತ್ತು. ಕಿವಿಯಿಂದ ರಕ್ತ ತೆಗೆದು ಕಳಿಸಿದಳು. ಎಂಟು ದಿನಕ್ಕೆ ಫೋನ್ ಬಂದಾಗ ಅವಳು ದವಾಖಾನೆಯ ಕಟ್ಟೆಯಿಂದ ಎದ್ದೇ ನಿಂತಳು.

"ಕಾಕಾ, ಅದರ ರಕ್ತದಾಗ ಬಡಿದಾಡಿದ ಗುರ್ತ ಸಿಕ್ಕೈತಿ! ರೋಗ ಒಳಗ ಹೊಕ್ಕೈತಿ, ಇದು ಗೆದ್ದೈತಿ. ಇದರ ಮೆದುಳಿನಾಗ ಯಾವ ಜೀನ್ ಎದ್ದು ಯಾವುದು ಮಲಗಿತ್ತು ಗೊತ್ತಾದ್ರ, ಹಂದಿ ಹೆಂಗ ಉಳೀತೈತಿ ಅನ್ನೂದ ಗೊತ್ತಾಗ್ತೈತಿ. ನನ್ನ ಉಳದ ಎಲ್ಲಾ ತಲಿಗಿಂತ ಇದೊಂದ ತಲಿ ಹೆಚ್ಚು." ಆಮೇಲೆ ಮತ್ತೆ ಕಟ್ಟೆಗೆ ಕೂತು ಹೇಳಿದಳು. "ಒಂದ ಸಂಶಯ. ಸೂಜಿ ಹಾಕಿದ್ರೂ ರಕ್ತದಾಗ ಇದ ಗುರ್ತ ಬರ್ತೈತಿ. ರೋಗದಿಂದ ಬಂತೋ ಸೂಜಿಯಿಂದ ಬಂತೋ ರಕ್ತ ಹೇಳಂಗಿಲ್ಲ. ಅದನ್ನ ಹೇಳೂದು ನಿಮ್ಮ ರಿಜಿಸ್ಟರ್ ಅಷ್ಟ."

ರಿಜಿಸ್ಟರ್ ತಂದುಕೊಟ್ಟವನು ಪಂಡಿತನೇ. ಕಾಜಲ್ ಮೂರು ವರ್ಷದ ಹಾಳೆ ತಿರುವಿದಳು. "ಈ ಓಣಿದು ಒಂದೂ ನೋಂದ ಇಲ್ಲ. ಖರೇನ ಇಲ್ಲೇನ್ರಿ?"

"ಇದ್ದದ್ದ ಅದರಾಗ ಐತ್ರಿ," ಎಂದ ಪಂಡಿತ. ಆ ಮಾತು ಆಡಿದ ಮೇಲೆ ಅವನಿಗೆ ಬಾಯಲ್ಲಿ ಸುಣ್ಣ ಇಟ್ಟಂತಾಯಿತು.

ಅಂದೇ ಮಧ್ಯಾಹ್ನ ಇಬ್ಬರೂ ತುಳಸವ್ವನ ಮನೆಗೆ ಹೋದರು. ಕಾಜಲ್ ಒಳ್ಳೆಯ ಹುಡುಗಿ, ಮುಚ್ಚುಮರೆ ಮಾಡಲಿಲ್ಲ. ಹಂದಿಯನ್ನು ಕೊಂದೇ ನೋಡಬೇಕು ಎಂದಳು, ತಕ್ಕ ಬೆಲೆ ಕೊಡಿಸುತ್ತೇನೆ ಎಂದಳು, ಮುಂದೆ ಬೇರೆಯವರ ಹಂದಿ ಉಳಿಯಲು ಇದರಿಂದ ದಾರಿ ಸಿಗಬಹುದು ಎಂದಳು. ತುಳಸವ್ವ ಬಹಳ ಹೊತ್ತು ಸೆರಗಿನ ಅಂಚು ತಿರುವಿದಳು.

"ಇದೊಂದ ಉಳದೈತವ್ವ. ಇದ ಇದ್ರ ಮತ್ತ ಮರಿ ಆಗ್ತಾವು, ಮತ್ತ ಹಿಂಡ ಆಗ್ತೈತಿ. ಇಲ್ಲಂದ್ರ ಈ ವಯಸ್ಸಿನಾಗ ನಾ ಯಾರ ಹೊಲಕ್ಕ ಹೋಗ್ಲಿ? ಆದ್ರ ನೀ ಹೇಳೂದೂ ಖೊಟ್ಟಿ ಇರಲಿಕ್ಕಿಲ್ಲ. ನನಗ ತಿಳಿಯಂಗಿಲ್ಲ." ಪಂಡಿತನ ಕಡೆ ತಿರುಗಿದಳು. "ಕಂಪೌಂಡರ್ರ, ನೀವ ಹೇಳ್ರಿ. ನೀವು ಕೊಡು ಅಂದ್ರ ಕೊಡ್ತೀನಿ."

"ನಾಳಿ ಹೇಳ್ತೀನಕ್ಕ," ಎಂದು ಪಂಡಿತ ಎದ್ದ.

ಸಂಜೆ ಉಟಗಿಯ ಮನೆಯ ಅಂಗಳದಲ್ಲಿ ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತ ಛಾಯಾಗೆ ಎಲ್ಲ ಹೇಳಿದ. ಛಾಯಾ ಅಂಥಿಂಥ ಹೆಂಗಸಲ್ಲ, ಹೂವು ಮುಳ್ಳು ಎರಡನ್ನೂ ಒಂದೇ ದನಿಯಲ್ಲಿ ಹೇಳುವವಳು. "ಎರಡ ತಿಂಗಳ ಐತ್ರೀ. ಬರೀದ ಹಾಕಿದ ಸೂಜಿ ಅಂತ ಚೌಕಶಿ-ವಿಚಾರಣಿ ಕುಂದ್ರಿಸಿದ್ರ ಪೆನ್ಶನ್ ತಡೀತಾರ. ಎಷ್ಟ ವರ್ಷ ತಡದಾರು, ದೇವರಿಗೂ ಗೊತ್ತಿಲ್ಲ," ಎಂದಳು.

"ಸುಮ್ಮ ಇದ್ರ ಹಂದಿ ಸಾಯ್ತೈತಿ. ಆ ಹುಡುಗಿ ಸುಳ್ಳ ಬರೀತಾಳ, ಅದು ಸುಳ್ಳಂತ ಆಕಿಗೆ ಗೊತ್ತೂ ಆಗಂಗಿಲ್ಲ. ಅದನ್ನ ಓದಿ ಮುಂದ ಇನ್ನೊಬ್ರು ಬರೀತಾರ."

ಛಾಯಾ ಚೊಂಬು ಕೆಳಗಿಟ್ಟಳು. "ಹೇಳಬಾರದು ಅಂತ ಇದ್ದಿದ್ರ ನನ್ನ ಮುಂದನೂ ಹೇಳತಿದ್ದಿಲ್ಲ ನೀವು. ಹೇಳೂದ ಅಂದ್ಕೊಂಡ ಬಂದೀರಿ. ಹೇಳ್ರಿ. ಪೆನ್ಶನ್ ಬರೂತನಾ ಹೆಂಗರ ಮಾಡೂಣು," ಎಂದು ಒಳಗೆ ಹೋದಳು. ಅವಳು ಏನಾದರೂ ಜಗಳ ತೆಗೆಯಲಿ ಎಂದು ಪಂಡಿತ ಕಾಯುತ್ತ ಕೂತ, ಅವಳು ತೆಗೆಯಲಿಲ್ಲ. ಅವಳಿಗೆ ಹೇಳದೆ ಬಿಟ್ಟದ್ದು ಒಂದೇ. ಆ ಆರು ಸೂಜಿಯ ವಿಷಯವನ್ನು ಅವನು ಛಾಯಾಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಹೋಗುವಷ್ಟರಲ್ಲಿ ಕಾಜಲ್ ತುಳಸವ್ವನ ಮನೆಯ ಮುಂದೆ ಐಸ್ ಡಬ್ಬಿ, ನಳಿಗೆ, ಪ್ಲಾಸ್ಟಿಕ್ ಹಾಳೆ ಹರಡಿಕೊಂಡಿದ್ದಳು. ಡಾಕ್ಟರು ಹತ್ತಕ್ಕೆ ಬರುವವರಿದ್ದರು. ಪಂಡಿತನ ಕೈ ಬರಿದಾಗಿದ್ದನ್ನು ನೋಡಿ, "ಕರಗಸ ಎಲ್ಲೈತಿ ಕಾಕಾ?" ಎಂದಳು.

"ತಂದಿಲ್ರಿ. ಮ್ಯಾಡಮ್, ಇದಕ್ಕ ಸೂಜಿ ಆಗೈತಿ. ಶ್ರಾವಣದಾಗ ನಾನ ಹಾಕೀನಿ. ಬರದಿಲ್ಲ."

ಕಾಜಲ್ ಕೈಯಲ್ಲಿದ್ದ ನಳಿಗೆಯನ್ನು ಮೆಲ್ಲಗೆ ಡಬ್ಬಿಯೊಳಗೆ ಇಟ್ಟಳು. "ನಿನ್ನಿ ರಿಜಿಸ್ಟರ್ ನೋಡಾವಾಗ ಯಾಕ ಹೇಳ್ಲಿಲ್ಲ?"

"ಅಂಜಿದ್ನಿ."

ಅವಳು ಹೊರಸಿನ ಅಂಚಿಗೆ ಕೂತಳು. ವಾರಗಟ್ಟಲೆ ನಿದ್ದೆಗೆಟ್ಟು ಕೂಡಿಸಿದ ಕೆಲಸದ ಶಿಖರ ಎಂದುಕೊಂಡದ್ದು ಮುರಿದು ಬಿದ್ದಿತ್ತು. ಅವಳಿಗೆ ಸಿಟ್ಟು ಬಂದಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು, ಆದರೆ ಮುಂದೆ ಕೂತವನು ಅಪ್ಪನ ವಯಸ್ಸಿನವನು. "ಇದ ಗೆದ್ದ ಹಂದಿ ಅಂತ ಬರದ ಬಿಡತಿದ್ನಲ್ಲ ನಾನು," ಎಂದಳು ಕಡೆಗೆ. "ಈಗ ಇದನ್ನೂ ಬರೀಬೇಕಾಗ್ತೈತಿ ಕಾಕಾ. ಡಾಕ್ಟರ್‌ಗೂ ಹೇಳಬೇಕಾಗ್ತೈತಿ."

"ಬರೀರಿ. ಪೂರ್ತಿ ಹೆಸರ ಬರೀರಿ, ಪಂಡಿತ ಯಶವಂತ ಕಾಂಬಳೆ."

ಅಷ್ಟು ಹೇಳಿದ ಮೇಲೆ ಪಂಡಿತನಿಗೆ ಎದೆ ಹಗುರಾಯಿತು. ನಿಜ ಹೇಳಿದವನಿಗೆ ದೇವರು ಕೊಡುವ ಆ ಸುಖ ಒಂದು ಬೀಡಿ ಸೇದುವಷ್ಟು ಹೊತ್ತೂ ಉಳಿಯಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ತುಳಸವ್ವ ಹೊರಗೆ ಬಂದಳು. ಅವಳ ಮುಖ ಅರಳಿತ್ತು. ಅವನ ಮುಂದೆ ನಿಂತು ಎರಡೂ ಕೈ ಜೋಡಿಸಿದಳು.

"ಹಂಗಾರ ನನ್ನ ಹಂದಿ ನಿಮ್ಮ ಸೂಜಿಲೆ ಉಳೀತ್ರಿ? ನೀವು ಹೇಳೂ ಇಲ್ಲಲ್ರಿ! ನಿಮ್ಮ ಹೊಟ್ಟಿ ತಣ್ಣಗ ಇರಲಿ."

ಪಂಡಿತ ಅಲ್ಲೇ ಎದ್ದು ಹೊರಟುಬಿಟ್ಟಿದ್ದರೆ ಅವಳು ಸಾಯುವವರೆಗೆ ಅವನ ಹೆಸರು ಹೇಳಿ ದೀಪ ಹಚ್ಚುತ್ತಿದ್ದಳು. ಆದರೆ ಜೋಡಿಸಿದ ಕೈ ಇಳಿಸುವಷ್ಟರಲ್ಲಿ ತುಳಸವ್ವನ ಹಣೆಯಲ್ಲಿ ಒಂದು ಗೆರೆ ಮೂಡಿತು. ಅವಳು ಓದಿದವಳಲ್ಲ, ದಡ್ಡಿಯೂ ಅಲ್ಲ.

"ಅಂದ್ರ ಔಷಧ ಇತ್ತು," ಎಂದಳು ಮೆಲ್ಲಗೆ. "ಇಲ್ಲ ಅಂದಿದ್ರಿ."

"ಬ್ಯಾನಿ ಬಂದ ಮ್ಯಾಲ ಇಲ್ಲಕ್ಕ. ಮೊದ್ಲ ಹಾಕೂದ ಐತಿ."

"ಅವತ್ತ ನಿಮ್ಮ ಹಂತ್ಯಾಕ ಒಂದ ಇತ್ತೇನ್ರಿ?"

ಕಾಜಲ್ ತಲೆ ಎತ್ತಿ ನೋಡಿದಳು. ಒಂದು ಸೀಸೆಯಲ್ಲಿ ಎಷ್ಟಿರುತ್ತದೆ ಎಂದು ಅವಳಿಗೆ ಗೊತ್ತು, ಆದರೆ ಎಷ್ಟು ಉಳಿದಿತ್ತು ಎಂದು ಅವಳಿಗೂ ಗೊತ್ತಿಲ್ಲ. ಪಂಡಿತನೊಬ್ಬನನ್ನು ಬಿಟ್ಟರೆ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಹೂಂ, ಒಂದೇ ಇತ್ತು ಎಂದರೆ ಮುಗಿಯಿತು.

"ಏಳ ಇದ್ದವಕ್ಕ," ಎಂದ ಪಂಡಿತ.

"ಉಳದ ಆರು?"

"ಚೆಲ್ಲಿದ್ನಿ. ಹಂದಿ ಕಂಟಿಯಾಗ ಓಡಿದ್ದವು. ಮೊಣಕಾಲ ಹಿಡದಿದ್ದವು, ಐದರ ಬಸ್ಸಿತ್ತು. ಯಾರರ ನೋಡಿದ್ರ ಸುದ್ದಿ ಆಗ್ತೈತಿ ಅಂತ ಅಂಜಿಕಿನೂ ಇತ್ತು." ಅವನ ದನಿ ಸಣ್ಣದಾಯಿತು. "ದಣದ ಹೋಗಿದ್ನಿ ಅಕ್ಕ."

ತುಳಸವ್ವ ಬೈಯಲಿಲ್ಲ. ಬೈದಿದ್ದರೆ ಅವನು ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ, ಅದಕ್ಕೆ ಅವನು ತಯಾರಾಗಿದ್ದ. ಅವಳು ಬೆರಳು ಮಡಿಸಿ ಏನೋ ಎಣಿಸಿದಳು, ಆರಕ್ಕೆ ನಿಲ್ಲಿಸಿದಳು.

"ನಾ ಒಳಗ ಇದ್ದಿಲ್ಲೇನ್ರಿ ಅವತ್ತ?"

"ಇದ್ದಿ. ರೊಟ್ಟಿ ಬಡಿಯೂ ಸಪ್ಪಳ ಕೇಳ್ತಿತ್ತು."

ಹಂದಿ ಆಗ ದೂರದಲ್ಲಿ, ಕಂಟಿಯ ಆಚೆ, ಗಟಾರದ ಬದಿಗೆ ಮಣ್ಣು ಮೂಸುತ್ತಿತ್ತು. ತುಳಸವ್ವ ಆ ಕಡೆ ಮುಖ ಮಾಡಿ, ನಾಲಿಗೆ ಮೇಲಕ್ಕೆ ಹಚ್ಚಿ, ಸಣ್ಣ ದನಿಯಲ್ಲಿ ಒಂದು ಸಲ ಕರೆದಳು. ಅದು ತಲೆ ಎತ್ತಿತು. ಸ್ಪಿರಿಟ್ ವಾಸನೆಯ ಪಂಡಿತ ಅಲ್ಲಿ ಕೂತಿದ್ದಾನೆ, ಗುರುತಿಲ್ಲದ ಹುಡುಗಿ ಕೂತಿದ್ದಾಳೆ, ಯಾವುದನ್ನೂ ಲೆಕ್ಕಿಸದೆ ಕಂಟಿಯೊಳಗಿಂದ ನುಗ್ಗಿ ಓಡಿ ಬಂದು ಅವಳ ಕಾಲಿಗೆ ಮೈ ಹಚ್ಚಿ ನಿಂತಿತು. ಅವಳು ಅದರ ಕಿವಿ ಹಿಡಿದು ಎತ್ತಿದಳು. ಕಿವಿಯ ಹಿಂದಿನ ಮೆತ್ತನೆಯ ಚರ್ಮ, ಸೂಜಿ ಹಾಕುವ ಜಾಗ, ಪಂಡಿತನ ಕಣ್ಣ ಮುಂದೆ ಬಂತು. ಹಂದಿ ಕದಲಲಿಲ್ಲ.

"ಎಲ್ಲಾ ಹಿಂಗ ಬರತಿದ್ದವ್ರಿ," ಎಂದಳು ತುಳಸವ್ವ. "ನನಗ ಒಂದ ಮಾತ ಕೂಗಿದ್ರ ಸಾಕಿತ್ತು."